ನೋಡುವ ಬೋರ್ಡು

ನಮ್ಮ ಊರಿನಲ್ಲಿ ಕರೆಂಟಿನ ಯಾವ ವಸ್ತುವೂ ತಾನಾಗಿ ಓಡುವುದಿಲ್ಲ. ಅದನ್ನು ಯಾರಾದರೂ ನೋಡುತ್ತಿರಬೇಕು. ನೋಡುವಷ್ಟು ಹೊತ್ತು ಫ್ಯಾನು ತಿರುಗುತ್ತದೆ, ಕಣ್ಣು ಅತ್ತ ಹೋದರೆ ನಿಲ್ಲುತ್ತದೆ. ರೆಪ್ಪೆ ಬಡಿಯುವಷ್ಟಕ್ಕೆ ಮಾತ್ರ ಮಾಫಿ. ಬ್ಯಾಟರಿಯ ಸಾಮಾನಿಗೂ ಇದೇ ಪಾಡು. ಮದುವೆಯ ಮನೆಯವರು ಅಡಿಗೆಯವರನ್ನು ಗೊತ್ತು ಮಾಡುವ ಮೊದಲು ಮೈಕು ನೋಡುವವರನ್ನು ಗೊತ್ತು ಮಾಡುತ್ತಾರೆ. ಫೋನನ್ನೇ ನೋಡುತ್ತ ಕೂತವರಿಗಷ್ಟೇ ಕರೆ ಬರುತ್ತದೆ. ಹಾಗಾಗಿ ದೂರದ ನೆಂಟರಿಗೆಲ್ಲ ಇಂಥ ಹೊತ್ತಿಗೇ ಮಾಡಿ ಎಂದು ಹೇಳಿಟ್ಟಿರುತ್ತೇವೆ. ಓಡುತ್ತಿರುವುದನ್ನು ಕಣ್ಣೆದುರೇ ನಿಲ್ಲಗೊಡುವುದು ಇಲ್ಲಿ ಬಹಳ ಕೆಟ್ಟ ನಡತೆ. ನಲ್ಲಿಯ ಹತ್ತಿರ ಜಗಳ ಬಿದ್ದರೆ ಹೆಂಗಸರು "ನಿನ್ನ ಮನಿ ಬಲ್ಬಿಗೆ ಕಣ್ಣಿಲ್ಲದಂಗಾಗ್ಲಿ" ಎಂದು ಬೈಯುತ್ತಾರೆ. ಹೊರಗಿನಿಂದ ಬಂದವರಿಗೆ ಇದೆಲ್ಲ ಸೋಜಿಗ. ನಮಗೆ ಬರೀ ಸುಸ್ತು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರು, ವಿಮಲಕ್ಕೋರು ಅಂತಾರೆ. ಬೆಳಿಗ್ಗೆ ಎದ್ದು ಮಿಕ್ಸರ್ ನೋಡಿ, ಶಾಲೆಯಲ್ಲಿ ಮಕ್ಕಳನ್ನು ನೋಡಿ, ಓಣಿಯ ನೀರಿನ ಪಂಪಿನ ಪಾಳಿ ಬಂದ ದಿನ ಸಂಜೆ ಅದರ ಮುಂದೆ ಸ್ಟೂಲು ಹಾಕಿಕೊಂಡು ಅದನ್ನೂ ನೋಡಿ, ಹಾಸಿಗೆ ಸೇರುವ ಹೊತ್ತಿಗೆ ಲೋಕದಲ್ಲಿ ಇನ್ನೇನನ್ನೂ ನೋಡುವ ಆಸೆ ಉಳಿದಿರುವುದಿಲ್ಲ. ಇದು ನನ್ನೊಬ್ಬಳ ಕಥೆಯಲ್ಲ. ಈ ಊರಿನಲ್ಲಿ ಕಣ್ಣು ಕೆಂಪಗಿಲ್ಲದವರನ್ನು ಕಂಡರೆ ಜನ ಅನುಮಾನ ಪಡುತ್ತಾರೆ, ಇವನು ಯಾರ ಪಾಳಿ ತಪ್ಪಿಸಿದ ಎಂದು.

ಇಂಥ ಊರಿಗೆ ಒಂದು ದಿನ ಮೇಲಿನ ಕಚೇರಿಯಿಂದ ಪೆಟ್ಟಿಗೆಗಳು ಬಂದವು. ಒಳಗೆ ಹಳೆಯ ಲ್ಯಾಪ್‌ಟಾಪುಗಳು, ಅಂಗೈಯಗಲದ ಹಸಿರು ಬೋರ್ಡುಗಳು, ಬಣ್ಣಬಣ್ಣದ ವೈರು, ಸಾಸಿವೆಗಿಂತ ಸ್ವಲ್ಪ ದೊಡ್ಡ ಎಲ್‌ಇಡಿ ದೀಪಗಳು, ಕುಂಯ್ ಎನ್ನುವ ಬಜರುಗಳು, ಬೆಳಕು ಅಳೆಯುವ ಸೆನ್ಸರುಗಳು. ಮಕ್ಕಳು ಚಿತ್ರದ ತುಂಡು ಜೋಡಿಸಿ ಪ್ರೋಗ್ರಾಂ ಮಾಡುವ ಆಟ ಸಾಕು, ಇನ್ನು ಅಕ್ಷರ ಟೈಪು ಮಾಡಿಯೇ ಬರೆಯಲಿ, ಬರೆದದ್ದು ಕೈಯಲ್ಲಿ ದೀಪವಾಗಿ ಹತ್ತಲಿ ಎಂಬುದು ಅವರ ಉದ್ದೇಶ. ಒಳ್ಳೆಯದೇ. ಹೆಡ್‌ಮಾಸ್ತರು ಶಂಕ್ರೆಪ್ಪನವರು ಸ್ಟಾಫ್ ರೂಮಿನಲ್ಲಿ ಯಾರು ಕಲಿಸುತ್ತೀರಿ ಎಂದು ಕೇಳಿದರು. ಬೇಡ ಎನ್ನಲು ನಾನು ಬಾಯಿ ತೆರೆದೆ, ಆಕಳಿಕೆ ಬಂತು, ಅವರು ಅದನ್ನೇ ಒಪ್ಪಿಗೆ ಅಂದುಕೊಂಡರು.

ತರಬೇತಿಗೆಂದು ಬೇರೆ ಊರಿಗೆ ಕಳಿಸಿದರು. ಅಲ್ಲಿನ ಲಾಡ್ಜಿನಲ್ಲಿ ಫ್ಯಾನು ತಾನೇ ತಿರುಗುತ್ತಿತ್ತು. ಎಂಥ ನಿದ್ದೆ ಮಾಡಬಹುದಿತ್ತು! ಆದರೆ ಅಭ್ಯಾಸ ಬಿಡಬೇಕಲ್ಲ, ಇದ್ದಷ್ಟು ದಿನವೂ ಅದನ್ನು ನೋಡುತ್ತಲೇ ಮಲಗಿದೆ. ಅಲ್ಲಿನ ತರಬೇತಿದಾರ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ, ಪ್ರೋಗ್ರಾಮಿನ ಸೊಗಸೇ ಅದು, ಒಮ್ಮೆ ಬರೆದಿಟ್ಟರೆ ನೀವು ಇಲ್ಲದಾಗಲೂ ಕೆಲಸ ನಡೆಯುತ್ತದೆ ಎಂದು. ನಾನು ಸುಮ್ಮನೆ ತಲೆಯಾಡಿಸಿದೆ. ನಮ್ಮೂರಿನ ವಿಷಯ ಹೇಳಿದ್ದರೆ ಅವನಿಗೆ ಪಾಪ ಬೇಜಾರಾಗುತ್ತಿತ್ತು.

ನಮ್ಮಲ್ಲಿ ಕಂಪ್ಯೂಟರ್ ಕಲಿಸುವ ಕಷ್ಟ ಒಂದೆರಡಲ್ಲ. ಹೊಸದಾಗಿ ಟೈಪು ಕಲಿಯುವ ಮಗು ಕೀಲಿಗಳನ್ನು ನೋಡುತ್ತದೆ. ಕೀಲಿಗಳನ್ನು ನೋಡಿದರೆ ಪರದೆ ಆರುತ್ತದೆ. ಪರದೆ ಆರಿದರೆ ಸೇವ್ ಮಾಡದ್ದೆಲ್ಲ ಮಣ್ಣುಪಾಲು. ಅದಕ್ಕೇ ಇಬ್ಬಿಬ್ಬರನ್ನು ಕೂರಿಸುತ್ತಿದ್ದೆ, ಒಬ್ಬರು ಟೈಪು ಮಾಡಲು, ಒಬ್ಬರು ಪರದೆ ನೋಡಲು. ನೋಡುವವನಿಗೆ ಜೋಂಪು ಹತ್ತಿದರೆ ಟೈಪು ಮಾಡುವವನು ತಲೆಗೊಂದು ಕುಟ್ಟುತ್ತಿದ್ದ. ಹೀಗೆ ಅಳುತ್ತ, ಬಡಿದಾಡುತ್ತ, ಒಂಬತ್ತನೇ ತರಗತಿಯ ಮಕ್ಕಳು 'ವೈಲ್ ಟ್ರೂ' ಎಂದರೆ ಸದಾಕಾಲ ಮಾಡುತ್ತಿರು ಎಂದರ್ಥ, ಕೊನೆಗೆ ಎರಡು ಚುಕ್ಕೆ ಇಡದಿದ್ದರೆ ಯಂತ್ರ ಮುನಿಸಿಕೊಳ್ಳುತ್ತದೆ, ಒಳಗಿನ ಸಾಲು ಸ್ವಲ್ಪ ಒಳಗೆ ಸರಿದು ನಿಲ್ಲಬೇಕು ಎಂಬುದನ್ನೆಲ್ಲ ಕಲಿತರು. ಮೊದಲ ದೀಪ ಮಿಣುಕಿದ ದಿನ ಇಡೀ ಕ್ಲಾಸು ಅದನ್ನು ನೋಡುತ್ತ ಕೂತಿತು. ಅವರು ನೋಡಿದಷ್ಟೂ ಅದು ಮಿಣುಕಿತು. ಗಂಟೆ ಹೊಡೆದರೂ ಯಾರಿಗೂ ಕಣ್ಣು ತೆಗೆಯುವ ಮನಸ್ಸಾಗಲಿಲ್ಲ, ನಾನೇ ವೈರು ಕಿತ್ತೆ.

ಆ ತರಗತಿಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಅವಳ ಜೋಡಿ ಮೌಲಾಲಿ. ಅವನು ಮಾತಿನ ಮಲ್ಲ, ಇವಳು ಬಾಯಿ ಬಿಡುವುದೇ ಅಪರೂಪ. ಪರದೆ ನೋಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಣ್ಣು ಮನೆಯಲ್ಲೇ ಪಳಗಿದ್ದವು. ಅವಳ ತಾಯಿ ಶಿವಗಂಗವ್ವ ಅರಳೆ ಮಿಲ್ಲಿನಲ್ಲಿ ದುಡಿದವಳು. ಹತ್ತಿಯ ಧೂಳು ಕುಡಿದು ಕುಡಿದು ಎದೆ ಕೆಟ್ಟು, ಈಗ ಉಸಿರಿನ ಮಷಿನ್ನಿನ ನಳಿಗೆ ಮೂಗಿಗೆ ಹಾಕಿಕೊಂಡೇ ಮಲಗಿರಬೇಕು. ಮಷಿನ್ ಓಡಬೇಕೆಂದರೆ ಯಾರಾದರೂ ಅದನ್ನು ನೋಡಬೇಕು. ಹಗಲು ಅಜ್ಜಿ ಸಾವಂತ್ರೆವ್ವ ನೋಡುತ್ತಿದ್ದಳು. ರಾತ್ರಿ, ರೊಟ್ಟಿ ಕೇಂದ್ರದಲ್ಲಿ ಕೆಲಸ ಮುಗಿಸಿ ಬರುತ್ತಿದ್ದ ಚಿಗವ್ವ ಪಾರವ್ವನೂ ಕಸ್ತೂರಿಯೂ ಸರದಿಯ ಮೇಲೆ ನೋಡುತ್ತಿದ್ದರು. ನಿದ್ದೆಯೇ ಈ ರೋಗಿಗೆ ದೊಡ್ಡ ಔಷಧ, ನಿದ್ದೆಗೆಟ್ಟರೆ ಎದೆ ಸೋಲುತ್ತದೆ, ಆದ್ದರಿಂದ ಆಕೆಯ ಕಣ್ಣಿಗೆ ಮಾತ್ರ ಮಷಿನ್ನಿನ ಕೆಲಸ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರು.

ಆ ವರ್ಷ ದೀಪಾವಳಿ ಕಳೆದು ಅಜ್ಜಿ ತೀರಿಕೊಂಡಳು. ಕಸ್ತೂರಿ ಶಾಲೆಗೆ ಬರುವುದು ನಿಂತಿತು. ನಾನು ಮನೆಗೆ ಹೋದಾಗ ಅವಳು ಬಾಗಿಲಿಗೆ ಬೆನ್ನು ಹಾಕಿ, ಮಷಿನ್ನಿನ ಮೈಮೇಲಿನ ಹಸಿರು ದೀಪ ನೋಡುತ್ತ ಕೂತಿದ್ದಳು. ತಿರುಗದೆಯೇ "ಬರ್ರಿ ಅಕ್ಕೋರ" ಎಂದಳು. ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದಿದ್ದಳು.

"ಓಣಿಯವ್ರು ಒಂದಿಷ್ಟು ಹೊತ್ತು ಬಂದು ಕುಂದ್ರೂದಿಲ್ಲೇನವಾ?" ಎಂದು ಕೇಳಿದೆ.

"ಬರ್ತಾರ್ರಿ. ಕುಂತ್ಕೊಂಡು ಹಂಗ ನಿದ್ದಿ ಹೊಡೀತಾರ. ಅವ್ರ ಮನ್ಯಾಗೂ ನೋಡೂವಿದ್ದೇ ಇರ್ತಾವಲ್ರಿ."

ಅದೂ ನಿಜವೇ. ನಾನಾದರೂ ಎಷ್ಟು ದಿನ ಬಂದು ಕೂರಬಲ್ಲೆ? ಅವಳಿಗೊಂದು ಪಾಠ ತಪ್ಪದಿರಲಿ ಎಂದು ಒಂದು ಬೋರ್ಡು, ಒಂದು ಸೆನ್ಸರು, ಒಂದು ಹಳೆಯ ಲ್ಯಾಪ್‌ಟಾಪು ಕೊಟ್ಟು ಬಂದೆ. ಪಾರವ್ವ ಬಂದ ಮೇಲೆ ಸಿಗುವ ಹೊತ್ತಿನಲ್ಲಿ ಆಟದಂತೆ ಮಾಡಿಕೊಂಡಿರಲಿ ಎಂಬ ಎಣಿಕೆ, ಅಷ್ಟೇ. ಹುಡುಗಿಯ ಶಾಲೆ ಇಲ್ಲಿಗೆ ಮುಗಿಯಿತು ಎಂದು ನಾನಾಗಲೇ ಕೈ ಚೆಲ್ಲಿದ್ದೆ.

ಒಂದು ದಿನ ಪಾರವ್ವ ರಜೆ ಹಾಕಿ ಮನೆಯಲ್ಲಿದ್ದಳೆಂದು ಕಸ್ತೂರಿ ಶಾಲೆಗೆ ಬಂದಳು. ಎಲ್ಲರೂ ಊಟಕ್ಕೆ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಅಕ್ಕೋರ, ಇದಕ್ಕೂ ಕಾಣಸ್ತೈತ್ರಿ."

"ಯಾವುದಕ್ಕ?"

"ಈ ಸೆನ್ಸರಿಗೆ. ಕತ್ತಲಿದ್ರ ಸಣ್ಣ ಅಂಕಿ ತೋರಸ್ತೈತಿ, ಬೆಳಕಿದ್ರ ದೊಡ್ಡ ಅಂಕಿ. ಕಂಡದ್ದಕ್ಕ ಅಲ್ರಿ ಅದು ತೋರಸೂದು?"

"ಅದು ಅಳೀತೈತಿ ಅಷ್ಟ. ಅಳಿಯೂದು ಬ್ಯಾರೆ, ನೋಡೂದು ಬ್ಯಾರೆ."

"ನಾ ಅವ್ವನ ಮಷಿನ್ ನೋಡೂವಾಗ ಬ್ಯಾರೆ ಏನ್ ಮಾಡ್ತೀನ್ರಿ? ಹಸರು ದೀಪ ಐತೋ ಇಲ್ಲೋ ಅಂತ ಅಳಕೋತ ಕುಂದ್ರತೀನಿ, ಅಷ್ಟ."

ಅವಳ ಲೆಕ್ಕ ಸರಳವಾಗಿತ್ತು. ಒಂದು ಬೋರ್ಡು ಮಷಿನ್ನಿನ ಹಸಿರು ದೀಪವನ್ನು ನೋಡಲಿ, ಮತ್ತು ತನ್ನದೊಂದು ಎಲ್‌ಇಡಿ ಹಚ್ಚಿಕೊಂಡಿರಲಿ. ಎದುರಿಗೆ ಎರಡನೇ ಬೋರ್ಡು ಆ ಎಲ್‌ಇಡಿಯನ್ನು ನೋಡುತ್ತ ತನ್ನದೂ ಒಂದು ಹಚ್ಚಿಕೊಂಡಿರಲಿ. ಮೊದಲನೆಯದು ಅದನ್ನೂ ನೋಡಲಿ. ಮಷಿನ್ನನ್ನು ಬೋರ್ಡು ನೋಡುತ್ತದೆ, ಬೋರ್ಡುಗಳು ಒಂದನ್ನೊಂದು ನೋಡಿಕೊಳ್ಳುತ್ತವೆ, ಮನುಷ್ಯರು ಮಲಗುತ್ತಾರೆ. ಪ್ರೋಗ್ರಾಮನ್ನು ಅವಳು ಆಗಲೇ ಬರೆದಿದ್ದಳು. ಬೆಳಕು ಅಳೆಯುವ ತುಂಡಿಗೆ 'ನೋಡು' ಎಂದೇ ಹೆಸರಿಟ್ಟಿದ್ದಳು. ಸದಾಕಾಲ ನೋಡು, ಕಂಡರೆ ದೀಪ ಹಚ್ಚು, ಇಷ್ಟೇ. ನಾನು ಒಂದೊಂದು ಸಾಲನ್ನೂ ಓದಿ ನೋಡಿದೆ. ಒಂದು ಚುಕ್ಕೆಯೂ ತಪ್ಪಿರಲಿಲ್ಲ.

ಇಂಥದ್ದನ್ನು ಪರೀಕ್ಷೆ ಮಾಡುವುದು ಹೇಗೆ ಎಂಬುದೇ ದೊಡ್ಡ ತಲೆನೋವು. ನೋಡಿದರೆ ಹೇಗೂ ಓಡುತ್ತದೆ. ನೋಡದೆ ಓಡುತ್ತದೋ ಇಲ್ಲವೋ ಎಂದು ನೋಡಿ ತಿಳಿಯುವಂತಿಲ್ಲ. ಮೌಲಾಲಿಯೇ ಉಪಾಯ ಹೇಳಿದ: ಬಜರ್ ಹಚ್ಚೋಣ, ಎಲ್ಲರೂ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿ ಕಿವಿಯಿಂದ ಕೇಳೋಣ. ಹಾಗೇ ಮಾಡಿದೆವು. ಇಡೀ ತರಗತಿ ಗೋಡೆಗೆ ಮುಖ ಹಾಕಿತು. ಬಾಗಿಲಲ್ಲಿದ್ದ ಹೆಡ್‌ಮಾಸ್ತರೂ ತಿರುಗಿ ನಿಂತರು. ಬಜರ್ ಕುಂಯ್ ಎನ್ನುತ್ತಲೇ ಇತ್ತು, ನಿಲ್ಲಲಿಲ್ಲ. ನಾನು ಗೋಡೆಯ ಕರಿಹಲಗೆಗೆ ಹಣೆಯಾನಿಸಿ ನಿಂತಿದ್ದವಳು ಮಕ್ಕಳ ಕೂಗಾಟಕ್ಕೆ ಬೆಚ್ಚಿಬಿದ್ದು ಎಚ್ಚೆತ್ತೆ. ಕಸ್ತೂರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಅದೇ ಸಂಜೆ ಎಲ್ಲ ಕೂಡಿ ಅವಳ ಮನೆಗೆ ಹೋದೆವು. ಬೋರ್ಡುಗಳನ್ನು ಬೆಂಕಿಪೊಟ್ಟಣದ ಮೇಲೆ ಎತ್ತರಿಸಿ, ರಬ್ಬರ್ ಬ್ಯಾಂಡು ಹಾಕಿ ಮಷಿನ್ನಿನ ಮುಂದೆ ಕೂರಿಸಿದರು. ಶಿವಗಂಗವ್ವನಿಗೆ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಬಾಗಿಲು ಹಾಕಿ, ನಾವೆಲ್ಲ ಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತೆವು. ಪಾರವ್ವ ಸೆರಗಿನಿಂದ ಕಣ್ಣು ಕಟ್ಟಿಕೊಂಡಿದ್ದಳು. ಒಳಗೆ ಮಷಿನ್ನಿನ ಗುಂಯ್ ಸದ್ದು ಒಂದು ಕ್ಷಣ ತಡವರಿಸಿದಂತೆ ಕೇಳಿತು, ಆಮೇಲೆ ಒಂದೇ ಸಮ ನಡೆಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಪಾರವ್ವ ಅಲ್ಲೇ ಕಟ್ಟೆಯ ಮೇಲೆ ಕೂತು, "ಇವತ್ತ ನನ್ನ ಮನ್ಯಾಗ ನಾ ಮಕ್ಕೋತೀನ್ರಿ" ಎಂದು ಅತ್ತಳು.

ಕಸ್ತೂರಿ ಮತ್ತೆ ಶಾಲೆಗೆ ಬಂದಳು. ದಿನ ಕಳೆದಂತೆ ಅವಳ ಕಣ್ಣಿನ ಬಿಳಿ ಬಿಳಿಯಾಯಿತು, ಕೆನ್ನೆ ತುಂಬಿತು. ರಾತ್ರಿ ಮಲಗಿ ಬೆಳಿಗ್ಗೆ ಏಳುವ ಹುಡುಗಿ ಹೇಗಿರುತ್ತಾಳೆ ಎಂಬುದು ನಮಗೆಲ್ಲ ಮರೆತೇ ಹೋಗಿತ್ತು. ಕಬಡ್ಡಿ ಆಡಿದಳು, ಮೌಲಾಲಿಯ ಮಾತಿಗೆ ಮಾತು ಕೊಟ್ಟಳು, ಒಮ್ಮೆ ನನ್ನ ಆಕಳಿಕೆಯನ್ನು ಅಣಕಿಸಿ ಸಿಕ್ಕಿಬಿದ್ದಳು. ನಾನು ಬೈಯಲಿಲ್ಲ. ನನಗೆ ಬಹಳ ಸಂತೋಷವಾಗಿತ್ತು. ಕಲಿಸಿದ್ದು ಯಾರಿಗೋ ಉಪಯೋಗಕ್ಕೆ ಬಂತು ಎಂಬ ಸಂತೋಷ ನನ್ನ ಕೆಲಸದಲ್ಲಿ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಐಸ್‌ಕ್ಯಾಂಡಿ ಅಂಗಡಿಯವನು ಬಂದ, ಹಿಟ್ಟಿನ ಗಿರಣಿಯವನು ಬಂದ. ಹೆಡ್‌ಮಾಸ್ತರು ಶಂಕ್ರೆಪ್ಪನವರು, ಮೊದಲು ಓಣಿಯ ಪಂಪಿಗೆ ಕೂರಿಸೋಣ, ಅದು ಎಲ್ಲರಿಗೂ ಸೇರಿದ್ದು ಎಂದು ಸಾರಿಬಿಟ್ಟರು. ಬರುವ ಶನಿವಾರ ಎಂದು ನಿಶ್ಚಯವಾಯಿತು. ಎರಡು ಬೋರ್ಡುಗಳ ನಡುವೆ ಎಷ್ಟು ಅಂತರ ಬಿಟ್ಟಿದ್ದೇವೆ ಎಂದು ಅಳೆದುಕೊಂಡು ಬರಲು ನಾನು ಶುಕ್ರವಾರ ಮಧ್ಯಾಹ್ನ ಕಸ್ತೂರಿಯ ಮನೆಗೆ ಹೋದೆ. ಅವಳು ಶಾಲೆಯಲ್ಲಿದ್ದಳು.

ಬಾಗಿಲು ದೂಡಿದೆ. ಶಿವಗಂಗವ್ವ ಗೋಡೆಗೆ ದಿಂಬು ಒತ್ತಿಕೊಂಡು ಎದ್ದು ಕೂತಿದ್ದಳು. ತಿರುಗದೆಯೇ "ಬರ್ರಿ" ಎಂದಳು. ಕತ್ತು ಹೊರಳಿಸದೆ ಮಾತಾಡುವವರು ಏನು ಮಾಡುತ್ತಿದ್ದಾರೆ ಎಂದು ಈ ಊರಿನಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ಆಕೆಯ ಕಣ್ಣು ಗುಳಿಬಿದ್ದಿದ್ದವು, ತುಟಿ ನೀಲಿಗಟ್ಟಿದ್ದವು. ದೃಷ್ಟಿ ಹಸಿರು ದೀಪದ ಮೇಲಿತ್ತು.

ನಾನು ನೆಲದ ಮೇಲೆ ಕೂತೆ. "ಯಾವಾಗಿಂದ?" ಎಂದೆ.

"ಆವತ್ತಿಂದನ್ರಿ. ನೀವೆಲ್ಲಾ ಹೊರಗ ನಿಂತಿದ್ರಿ. ಬಾಗಲಾ ಹಾಕಿದ ಕೂಡ್ಲೆ ಇದು ಗಪ್ಪಾತು. ನಾ ಹೊಳ್ಳಿ ನೋಡಿದ್ನಿ, ಚಾಲೂ ಆತು. ಹುಡುಗ್ರು ಚಪ್ಪಾಳಿ ಹೊಡದ್ರು. ನಾ ಏನಂತ ಹೇಳ್ಲಿ, ನೀವ ಹೇಳ್ರಿ."

"ನಿದ್ದಿ?"

"ಕಣ್ಣ ಮುಚ್ಚತಾವ್ರಿ, ಮುಚ್ಚದ ಏನ್ ಮಾಡ್ತಾವು. ಆವಾಗ ಮಷಿನ್ ನಿಂದ್ರತೈತಿ. ಉಸರ ಹಿಡದಂಗಾಗಿ ಎಚ್ಚರಾಗತೈತಿ. ಮತ್ತ ನೋಡ್ತೀನಿ." ಆಕೆ ನಗಲು ಹೋದಳು, ಕೆಮ್ಮು ಬಂತು. ಕೆಮ್ಮುವಾಗಲೂ ಕಣ್ಣು ಕದಲಿಸಲಿಲ್ಲ. "ಆಕಿ ಮುಂದ ಹೇಳಬ್ಯಾಡ್ರಿ, ಅಕ್ಕೋರ. ಆಕಿ ಮಾರಿ ನೋಡೀರಿಲ್ಲೋ, ಎಷ್ಟ ಕಳಾ ಬಂದೈತಿ. ನಾ ಎಷ್ಟಂದ್ರೂ ಮಕ್ಕೊಂಡಾಕಿ. ಆಕಿ ನನ್ನ ಕಡೆ ನೋಡ್ಕೋತ ನನ್ನಂಗ ಆಗಬ್ಯಾಡ್ರಿ. ಪರೀಕ್ಷಿ ಮುಗಿಯೂ ತನಕ ತಡೀತೀನಿ."

ತಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆದರೂ ಆಕೆ ಕೈ ಚಾಚಿ ಗಾಳಿಯಲ್ಲೇ ನನ್ನ ಕೈ ಹುಡುಕಿದಾಗ ನಾನು ಕೊಟ್ಟೆ, ಹೂಂ ಎಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಶಾಲೆ ಬಿಡುವವರೆಗೆ ನಾನೇ ಮಷಿನ್ ನೋಡಿದೆ, ಆಕೆ ಹಾಗೇ ಒರಗಿದಳು. ನನಗೆ ತಲೆನೋವು ಎಂದು ಹೆಡ್‌ಮಾಸ್ತರಿಗೆ ಹೇಳಿಕಳಿಸಿದೆ. ಅದಂತೂ ಸುಳ್ಳಲ್ಲ.

ಶನಿವಾರ ಪಂಪ್ ಮನೆಯ ಮುಂದೆ ಜಾತ್ರೆಯೇ ಸೇರಿತ್ತು. ನಾನು ರಾತ್ರಿಯೆಲ್ಲ ಯೋಚಿಸಿ, ಮಕ್ಕಳನ್ನು ತಡೆಯಲು ಒಂದು ನೆಪವೂ ಹೊಳೆಯದೆ, ಒಂದು ಮೂಲೆಯಲ್ಲಿ ನಿಂತಿದ್ದೆ. ಕಸ್ತೂರಿ ಬೋರ್ಡುಗಳನ್ನು ಪಂಪಿನ ಕೆಂಪು ದೀಪದ ಮುಂದೆ ಇಟ್ಟು, ಅಂತರ ಅಳೆದು, ವೈರು ಒಂದೊಂದನ್ನೂ ಜಗ್ಗಿ ನೋಡಿ ಹೊರಗೆ ಬಂದಳು. ಶಂಕ್ರೆಪ್ಪನವರು ಬಾಗಿಲು ಹಾಕಿದರು. ಮೋಟರು ಗಕ್ಕನೆ ನಿಂತಿತು. ಬಾಗಿಲು ತೆಗೆದರು, ಓಡಿತು. ಹಾಕಿದರು, ನಿಂತಿತು. ನಾಲ್ಕಾರು ಸಲ ಹಾಗೇ ಮಾಡಿ ಅವರು "ಈ ಬಾಗಲದ್ದ ಏನೋ ದೋಷ ಐತಿ" ಎಂದರು. ಜನ ನಕ್ಕರು, ಆಮೇಲೆ ಒಬ್ಬೊಬ್ಬರೇ ಚದುರಿದರು. ಯಾರಿಗೂ ಹೆಚ್ಚು ಆಶ್ಚರ್ಯವಾದಂತೆ ಕಾಣಲಿಲ್ಲ. ನಿದ್ದೆ ಸಿಗುತ್ತದೆ ಎಂದು ನಂಬಲು ಕೂಡ ಒಂದಿಷ್ಟು ನಿದ್ದೆ ಮಾಡಿರಬೇಕಾಗುತ್ತದೆ.

ಮಕ್ಕಳು ಮಾತ್ರ ಉಳಿದರು, ಹೆಡ್‌ಮಾಸ್ತರು ಉಳಿದರು, ನಾನು ಉಳಿದೆ. ಪಂಪ್ ಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಮೌಲಾಲಿ ಪರದೆಗೆ ಕಣ್ಣು ಕೊಟ್ಟ, ಕಸ್ತೂರಿ ಸಾಲುಸಾಲಾಗಿ ಓದಿದಳು. ಪ್ರೋಗ್ರಾಂ ಸರಿಯಿತ್ತು. ಬೋರ್ಡು ಬದಲಿಸಿದರು, ಸೆನ್ಸರು ಬದಲಿಸಿದರು. ಮೋಟರು ಬಾಗಿಲು ಮುಚ್ಚಿದ ಕೂಡಲೇ ನಿಲ್ಲುತ್ತಿತ್ತು. ಬಿಸಿಲು ನೆತ್ತಿಗೇರಿತು. ತಪ್ಪು ಸಿಗದಿದ್ದರೆ ಕೈಗೆ ಸಿಕ್ಕಿದ್ದನ್ನೆಲ್ಲ ತಿರುಚಬೇಡಿ, ಓಡುವ ಒಂದನ್ನೂ ಓಡದ ಒಂದನ್ನೂ ಪಕ್ಕದಲ್ಲಿಟ್ಟು ಎಲ್ಲಿ ಬೇರೆಯಾಗಿವೆ ಎಂದು ಹುಡುಕಿ ಎಂದು ನಾನೇ ಅವರಿಗೆ ವರ್ಷವಿಡೀ ಹೇಳಿಕೊಟ್ಟಿದ್ದೆ. ಕಸ್ತೂರಿ ಈಗ ಅದನ್ನೇ ಹಿಡಿದಳು.

"ಕ್ಲಾಸಿನ್ಯಾಗ ಓಡ್ತು. ಇಲ್ಲಿ ಓಡವಲ್ದು" ಎಂದಳು. "ಅಲ್ಲಿದ್ದದ್ದು ಇಲ್ಲಿ ಏನಿಲ್ಲ?"

"ಅಲ್ಲಿ ನಾವಿದ್ವಿ" ಎಂದ ಮೌಲಾಲಿ.

ಅವಳು ಅವನನ್ನು ದಿಟ್ಟಿಸಿದಳು. "ಖರೇ ಹೇಳು. ನೀ ನೋಡಿದ್ಯಾ?"

ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. "ಒಂದ ಕಣ್ಣಲೆ. ಅದು ನಿಂತುಬಿಟ್ರ ನಿನಗ ಕೆಟ್ಟ ಅನಸ್ತೈತಿ ಅಂತ. ನಾ ಒಬ್ಬಾವ ನೋಡಿದ್ರ ಏನಾಗತೈತಿ ಅಂತ ಮಾಡಿದ್ನಿ."

"ನಾನೂ ನೋಡಿದ್ನಿ" ಎಂದಳು ಹಿಂದಿನಿಂದ ಒಬ್ಬಳು. "ನಾನೂ" ಎಂದ ಇನ್ನೊಬ್ಬ. ಒಂದೊಂದೇ ಕೈ ಮೇಲೆದ್ದವು. ಕೊನೆಗೆ ಶಂಕ್ರೆಪ್ಪನವರೂ ಕೆಮ್ಮಿ, ಅರ್ಧ ಕೈ ಎತ್ತಿದರು. ಪ್ರತಿಯೊಬ್ಬರೂ ತಾನೊಬ್ಬನೇ ಕದ್ದು ನೋಡಿದ್ದು ಎಂದುಕೊಂಡಿದ್ದರು. ಓಡುವುದನ್ನು ನಿಲ್ಲಗೊಡಬಾರದು ಎಂದು ಹುಟ್ಟಿದಾಗಿನಿಂದ ಕಲಿಸಿದ ಊರಿನಲ್ಲಿ ಬೆನ್ನು ತಿರುಗಿಸಿ ನಿಲ್ಲಿ ಎಂದರೆ ಇನ್ನೇನಾದೀತು? ಆವತ್ತು ಕಸ್ತೂರಿಯನ್ನು ಬಿಟ್ಟರೆ ನಿಜವಾಗಿ ಕಣ್ಣು ಮುಚ್ಚಿದವಳು ನಾನೊಬ್ಬಳೇ, ಅದೂ ಜೋಂಪು ಹತ್ತಿದ್ದರಿಂದ.

ಕಸ್ತೂರಿಗೆ ಸಿಟ್ಟು ಬರಲಿಲ್ಲ. ಅವಳು ಇನ್ನೂ ಲೆಕ್ಕದಲ್ಲೇ ಇದ್ದಳು. "ಹಂಗಾರ ಕ್ಲಾಸು ಬಿಡ್ರಿ. ನಮ್ಮನ್ಯಾಗ ಓಡಾಕತ್ತೈತಲ್ಲ. ಅಲ್ಲಿ ಯಾರೂ ಇಲ್ಲ. ಇಂಥಾವ ಬೋರ್ಡು, ಅದೇ ಪ್ರೋಗ್ರಾಮು. ಬಾಗಲಾ ಹಾಕೈತಿ. ಒಳಗ ಅವ್ವೊಬ್ಬಾಕಿನ..."

ಅವಳು ನನ್ನ ಕಡೆ ತಿರುಗಿದಳು. ಅಲ್ಲ ಎಂದು ನಾನು ಹೇಳಬೇಕಿತ್ತು, ಮಾತು ಕೊಟ್ಟಿದ್ದೆ. ನನ್ನ ಮುಖದಲ್ಲಿ ಅವಳಿಗೆ ಬೇಕಾದದ್ದೆಲ್ಲ ಇತ್ತು. ಅವಳು ಬೋರ್ಡುಗಳನ್ನು ಅಲ್ಲೇ ಬಿಟ್ಟು ಮನೆಯ ಕಡೆ ಹೊರಟಳು. ಓಡಲಿಲ್ಲ, ನಡೆದಳು. ನಾನು ಹಿಂದೆ ಹೋದೆ. ಮಕ್ಕಳನ್ನು ಶಂಕ್ರೆಪ್ಪನವರು ತಡೆದರು.

ಬಾಗಿಲ ಹತ್ತಿರ ಅವಳು ಒಂದು ಗಳಿಗೆ ನಿಂತು ಲಂಗದ ಅಂಚಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೋದಾಗ ಶಿವಗಂಗವ್ವ ಸಪ್ಪಳ ಕೇಳಿ ಮಲಗಿದಂತೆ ಹೊರಳಿದ್ದಳು, ಕಣ್ಣು ಮಾತ್ರ ಅಲ್ಲಿಂದ ತೆಗೆದಿರಲಿಲ್ಲ.

"ಬಂದ್ಯಾ? ಪಂಪ್ ಓಡ್ತಾ?"

"ಓಡ್ತವ್ವಾ. ಎಲ್ಲಾರೂ ಭಾಳ ಖುಷಿ ಆದ್ರು" ಎಂದಳು ಕಸ್ತೂರಿ. ಮಷಿನ್ನಿನ ಮುಂದೆ ಕೂತು ಹಸಿರು ದೀಪಕ್ಕೆ ಕಣ್ಣು ಕೊಟ್ಟಳು. "ಈ ಬೋರ್ಡಿನ ಬ್ಯಾಟರಿ ಬದಲ ಮಾಡಬೇಕವ್ವಾ. ಅಲ್ಲೀತನ ನಾನ ನೋಡ್ತೀನಿ. ನೀ ಕಣ್ಣ ಮುಚ್ಚಿ ಮಕ್ಕೊ."

"ಭಾಳ ಹೊತ್ತ ಹಿಡೀತೈತೇನು?"

"ಹಿಡೀತೈತಿ. ಹೊಸಾ ಬ್ಯಾಟರಿ ಬರಬೇಕು, ಅದು ಎಂದ ಬರ್ತೈತೋ."

ಶಿವಗಂಗವ್ವ ಆಗ ಮಷಿನ್ನಿನಿಂದ ಕಣ್ಣು ತೆಗೆದಳು. ಮಗಳ ಕಡೆ ಹೊರಳಿ ಅವಳನ್ನು ಬಹಳ ಹೊತ್ತು ನೋಡಿದಳು. ಮಗಳು ತಿರುಗಲಿಲ್ಲ. ಆಕೆಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಏನೋ ಹೇಳಲು ಬಾಯಿ ತೆರೆದವಳು ಹೇಳುವ ಮೊದಲೇ ನಿದ್ದೆಗೆ ಜಾರಿದಳು. ಎತ್ತಿದ ಕೈ ಹಾಗೇ ಕೌದಿಯ ಮೇಲೆ ಬಿತ್ತು.

ಆಮೇಲೆ ಕಸ್ತೂರಿ ದೀಪ ನೋಡುತ್ತಲೇ ಕೇಳಿದಳು, "ನಿಮಗ ಗೊತ್ತಿತ್ತೇನ್ರಿ?"

"ನಿನ್ನೆ ಗೊತ್ತಾತವಾ."

"ಪ್ರೋಗ್ರಾಂ ಸರಿ ಇತ್ತಲ್ರಿ?"

"ಒಂದ ಅಕ್ಷರ ತಪ್ಪಿರ್ಲಿಲ್ಲ."

ಅವಳು ತಲೆಯಾಡಿಸಿದಳು. ನಾನು ಸೋಮವಾರದ ಬಗ್ಗೆ ಏನಾದರೂ ಹೇಳಬೇಕೆಂದುಕೊಂಡೆ. ಪಾಳಿ ಹಚ್ಚೋಣ, ತರಗತಿಯವರೆಲ್ಲ ಬರುತ್ತಾರೆ, ನಾನೂ ಬರುತ್ತೇನೆ ಎಂದೆಲ್ಲ. ಬರುತ್ತಾರೆ, ಒಂದು ವಾರ ಬರುತ್ತಾರೆ. ಆಮೇಲೆ ಕೂತಲ್ಲೇ ತೂಕಡಿಸುತ್ತಾರೆ. ಅದು ಅವಳಿಗೂ ಗೊತ್ತಿದ್ದ ಮಾತು.

ಆಗ ಮಷಿನ್ನಿನ ಸದ್ದು ಮುಗ್ಗರಿಸಿತು. ನೋಡಿದರೆ ಅವಳ ಕಣ್ಣು ತುಂಬಿ ಬಂದಿದ್ದವು. ಅವಳು ಕಣ್ಣು ಅಗಲಿಸಿ, ತುಟಿ ಕಚ್ಚಿ, ದೀಪವನ್ನೇ ನೋಡಲು ಒದ್ದಾಡುತ್ತಿದ್ದಳು. ನೀರು ಮತ್ತೆ ಮತ್ತೆ ತುಂಬುತ್ತಿತ್ತು, ಸದ್ದು ಮತ್ತೆ ಮತ್ತೆ ಕಡಿಯುತ್ತಿತ್ತು. ಹಾಸಿಗೆಯಲ್ಲಿ ಶಿವಗಂಗವ್ವ ನರಳಿ ಮಗ್ಗುಲಾದಳು.

"ಅಕ್ಕೋರ, ಕಾಣವಲ್ದರಿ" ಎಂದಳು ಹುಡುಗಿ, ಹೆದರಿದ ದನಿಯಲ್ಲಿ. "ದೀಪ ಕಾಣವಲ್ದು."

ನಾನು ಅವಳ ಪಕ್ಕದಲ್ಲಿ ಕೂತು ಹಸಿರು ದೀಪಕ್ಕೆ ಕಣ್ಣು ನೆಟ್ಟೆ. ಸದ್ದು ಮತ್ತೆ ಸಮನಾಯಿತು. "ನಾ ನೋಡಾಕತ್ತೀನಿ. ನೀ ಅಳು" ಎಂದೆ.

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ತಾಯಿಗೆ ಕೇಳಿಸಬಾರದೆಂದು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ನಡುಗುವಂತೆ ಅತ್ತಳು. ನನ್ನ ಕೈ ತಡಕಾಡಿ ಅವಳ ಜಡೆ ಹುಡುಕಿತು, ಬೆನ್ನು ಹುಡುಕಿತು. ಅವಳ ಮುಖವನ್ನೊಮ್ಮೆ ನೋಡಬೇಕೆಂದು ನನಗೆ ಬಹಳ ಅನ್ನಿಸಿತು. ನೋಡಲಿಲ್ಲ.